ನ್ಯಾನೋತಂತಿ: ಮೇಲ್ಮೈ ಸಂಸ್ಕರಣೆ ಮತ್ತು ಬೆಳಕು

ಅರೆವಾಹಕ ನ್ಯಾನೋತಂತಿಯಲ್ಲಿ ಇಲೆಕ್ಟ್ರಾನು ಮತ್ತು ರಂಧ್ರ (ಇಲೆಕ್ಟ್ರಾನು ತೆರವಾದ ಸ್ಥಾನ) ಒಂದಾದಾಗ ಬೆಳಕು ಹೊಮ್ಮುತ್ತದೆ. ವ್ಯಾಸ 50 ನ್ಯಾನೋಮೀಟರಿದ್ದರೆ ಒಳಗಿನ ಯಾವ ಬಿಂದುವೂ ಮೇಲ್ಮೈಯಿಂದ 25 ನ್ಯಾನೋಮೀಟರಿಗಿಂತ ದೂರವಿರದು, ತೊಡಕೆಲ್ಲ ಅಲ್ಲೇ. ಮೇಲ್ಮೈ ಪರಮಾಣುಗಳ ಜೊತೆಗಾಣದ ಬಂಧಗಳು ಇಲೆಕ್ಟ್ರಾನುಗಳನ್ನು ಸೆಳೆದುಕೊಂಡು, ಬೆಳಕಾಗಬೇಕಾದ ಶಕ್ತಿಯನ್ನು ಶಾಖವಾಗಿಸುತ್ತವೆ. ಹೊದಿಕೆಯಿಲ್ಲದ ಗ್ಯಾಲಿಯಂ ಆರ್ಸೆನೈಡ್ ತಂತಿ ಇದರಿಂದ ಬಹುತೇಕ ಮಂಕು. ಇಂಡಿಯಂ ಫಾಸ್ಫೈಡ್ ಯಾವ ಉಪಚಾರವಿಲ್ಲದೆಯೂ ಸಾಕಷ್ಟು ಬೆಳಗುತ್ತದೆ. ಗ್ಯಾಲಿಯಂ ಆರ್ಸೆನೈಡ್ ತಂತಿಯನ್ನು ಗಂಧಕದ ದ್ರಾವಣದಲ್ಲಿ ಅದ್ದುವುದು ಅಗ್ಗದ ಉಪಾಯ, ಆದರೆ ಗಾಳಿಗೆ ಒಡ್ಡಿದರೆ ಗುಣ ಕುಂದುತ್ತದೆ. ಬಾಳಿಕೆ ಬೇಕಿದ್ದರೆ ತಂತಿಯ ಸುತ್ತ ಅಲ್ಯೂಮಿನಿಯಂ ಗ್ಯಾಲಿಯಂ ಆರ್ಸೆನೈಡಿನ ಕವಚ ಬೆಳೆಸಬೇಕು. ಅಲ್ಯೂಮಿನಿಯಂ ಗಾಳಿಯಲ್ಲಿ ಕೆಡದಂತೆ ಅದರ ಮೇಲೆ ಮತ್ತೆ ಗ್ಯಾಲಿಯಂ ಆರ್ಸೆನೈಡಿನ ತೆಳು ಪದರವೂ ಬೇಕು.

ಸತುವಿನ ಆಕ್ಸೈಡ್ ತಂತಿ 380 ನ್ಯಾನೋಮೀಟರಿನ ಆಸುಪಾಸಿನ ಅತಿನೇರಳೆಯ ಜೊತೆಗೆ, ದೋಷಗಳಿಂದ ಹುಟ್ಟುವ ಹಸಿರನ್ನೂ ಸೂಸುತ್ತದೆ. ಹೈಡ್ರೋಜನ್ ಪ್ಲಾಸ್ಮಾ ಸೋಕಿಸಿದರೆ ಹಸಿರು ಕುಗ್ಗಿ ಅತಿನೇರಳೆ ಹೆಚ್ಚುತ್ತದೆ. ಯಾವ ದೋಷ ಹಸಿರಿಗೆ ಕಾರಣ ಎಂಬ ತಜ್ಞರ ಜಗಳ ಇನ್ನೂ ಮುಗಿದಿಲ್ಲ.

ಇಂಥ ತಂತಿಗಳ ತಯಾರಿಕೆಯಲ್ಲಿ ಭಾರತದ ಪಾಲೂ ಇದೆ: ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಇಂಗಾಲದ ನೆರವಿನಿಂದ ಆಕ್ಸೈಡ್, ನೈಟ್ರೈಡ್ ನ್ಯಾನೋತಂತಿಗಳನ್ನು ತಯಾರಿಸಿತು. ನ್ಯಾನೋಕೊಳವೆ, ನ್ಯಾನೋತಂತಿಗಳ ಕುರಿತು ರಾವ್ ಮತ್ತು ಎ. ಗೋವಿಂದರಾಜ್ ಬರೆದ ಗ್ರಂಥ 2005ರಲ್ಲಿ ಪ್ರಕಟವಾಯಿತು.