ವಿಂಚೆಸ್ಟರ್ 1873: ತೋಟಾ ತುಂಬುವ ಬಗೆ

ಅಮೆರಿಕದ ಹೆಸರಾಂತ ಲಿವರ್ ರೈಫಲ್. ಇದರ ಪೂರ್ವಜನಾದ 1860ರ ಹೆನ್ರಿ ರೈಫಲಿಗೆ ತೋಟಾಗಳನ್ನು ನಳಿಗೆಯ ಬಾಯಿಯ ಕಡೆಯಿಂದ ತುಂಬಬೇಕಿತ್ತು. ನೆಲ್ಸನ್ ಕಿಂಗ್ ರೂಪಿಸಿದ ಪಕ್ಕದ ಬಾಗಿಲು 1866ರ ಮಾದರಿಯಲ್ಲಿ ಆ ತಾಪತ್ರಯ ತಪ್ಪಿಸಿತು.

ಬಲಬದಿಯ ಸ್ಪ್ರಿಂಗ್ ಬಾಗಿಲನ್ನು ತೋಟಾದ ಮೂತಿಯಿಂದಲೇ ಒತ್ತಿ ಹೆಬ್ಬೆರಳಲ್ಲಿ ಒಳತಳ್ಳಬೇಕು. ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಸಾಲುಗಟ್ಟುತ್ತವೆ. ಲಿವರ್ ಕೆಳಗಿಳಿಸಿದರೆ ಖಾಲಿ ತೋಟಾ ಹೊರಬಿದ್ದು ಹೊಸದು ಮೇಲೇರುತ್ತದೆ. ಮೇಲೆಳೆದರೆ ಅದು ನಳಿಗೆ ಸೇರುತ್ತದೆ.

ಅಪಾಯ ಇರುವುದು ಈ ಸಾಲಿನಲ್ಲೇ. ಹಿಂದಿನ ಗುಂಡಿನ ತುದಿ ಮುಂದಿನ ತೋಟಾದ ಮದ್ದು ಹೊತ್ತಿಸುವ ಕೇಪಿಗೆ ತಾಗಿರುತ್ತದೆ. ಚೂಪಾಗಿದ್ದರೆ ಕೊಳವೆಯೊಳಗೇ ಸಿಡಿಯಬಹುದು. ಅದಕ್ಕೇ ಈ ರೈಫಲಿನ 44-40 ತೋಟಾದ 200 ಗ್ರೇನ್ ಸೀಸದ ಗುಂಡಿಗೆ ಚಪ್ಪಟೆ ಮೂತಿ. ಅದರ ಹಿಂದೆ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ಕಪ್ಪು ಮದ್ದು.

ಚೂಪು ಗುಂಡಿಗೆ ದಾರಿ ಮಾಡಿದ್ದು ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿ; ಅದರಲ್ಲಿ ತೋಟಾಗಳು ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಕೂರುತ್ತವೆ.