ಕೈಪಿಡಿಯ ಮೊದಲ ಹೆಸರು

ಉತ್ತರ ವೇಲ್ಸಿನ ಆಗ್ವೆನ್ ಕಣಿವೆಯ ಮೇಲುಭಾಗದಲ್ಲಿ ಇಡ್ವಾಲ್ ಎಂಬ ಪುಟ್ಟ ಸರೋವರವಿದೆ. ಅದರ ಹಿಂದೆ, ಯಾರೋ ದೈತ್ಯರು ಬೆಟ್ಟಕ್ಕೆ ಒರಗಿಸಿಟ್ಟ ಚಪ್ಪಡಿಗಳಂತೆ, ಬೂದುಬಣ್ಣದ ಬಂಡೆಗಳು ಓರೆಯಾಗಿ ನಿಂತಿವೆ. ವರ್ಷಗಳ ಹಿಂದೆ ಅಲ್ಲಿಯ ಗೆಳೆಯನೊಬ್ಬನ ಹಗ್ಗದ ಇನ್ನೊಂದು ತುದಿಗೆ ನನ್ನನ್ನು ಬಿಗಿದುಕೊಂಡು ಆ ಬಂಡೆಯನ್ನು ಹತ್ತಿದ್ದೆ. ಇದರಲ್ಲಿ ಹೆಗ್ಗಳಿಕೆಯೇನೂ ಇಲ್ಲ. ಹೊಸದಾಗಿ ಕಲಿಯುವವರೂ ಹತ್ತುವ ಬಂಡೆ ಅದು. ನಾನು ಹೇಳಹೊರಟಿರುವುದು ಅದನ್ನು ಮೊದಲು ಹತ್ತಿದವರ ಸಂಗತಿಯನ್ನು.

ಆ ದಾರಿಯ ಹೆಸರು ‘ಹೋಪ್’, ಎಂದರೆ ಭರವಸೆ. ಉದ್ದ ಸುಮಾರು 450 ಅಡಿ. ದರ್ಜೆ ‘ವೆರಿ ಡಿಫಿಕಲ್ಟ್’. ಹೆಸರು ಹಾಗೇ ಉಳಿದಿದ್ದರೂ ಇಂದು ಅದು ಸುಲಭದ ದಾರಿಗಳ ಸಾಲಿಗೆ ಸೇರಿದೆ. ಗೆಳೆಯನ ಕೈಪಿಡಿಯಲ್ಲಿ 1915 ಎಂಬ ಇಸವಿಯೂ ಮೊದಲು ಹತ್ತಿದವರ ಹೆಸರುಗಳೂ ಇದ್ದವು. ಐ. ಎ. ರಿಚರ್ಡ್ಸ್ ಎಂಬಲ್ಲಿ ನನ್ನ ಕಣ್ಣು ನಿಂತಿತು. ಕವಿಗಳ ಹೆಸರನ್ನು ಮರೆಮಾಚಿ ವಿದ್ಯಾರ್ಥಿಗಳಿಗೆ ಕವಿತೆಗಳನ್ನು ಕೊಟ್ಟು, ಅವರ ಓದನ್ನು ಪರೀಕ್ಷಿಸಿ, 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಬರೆದ ಅದೇ ರಿಚರ್ಡ್ಸ್! ಆಗ ಆತನಿಗೆ 22 ವರ್ಷ. ಬಂಡೆಯ ಬುಡದಲ್ಲಿ ಕುಳಿತು ಗೆಳೆಯನಿಗೆ ಒಂದು ಪುಟ್ಟ ಉಪನ್ಯಾಸವನ್ನೇ ಕೊಟ್ಟೆ. ಅವನು ತಾಳ್ಮೆಯಿಂದ ಕೇಳಿ, “ಅದಕ್ಕೆ ಮುಂಚಿನ ಹೆಸರನ್ನು ಓದಲಿಲ್ಲವಲ್ಲ?” ಎಂದ.

ಇ. ಎಚ್. ಡೇನಿಯಲ್ ಎಂದಿತ್ತು. ಹಗ್ಗದ ಮುಂಭಾಗದಲ್ಲಿದ್ದವರು ಆಕೆ, ಎಮಿಲಿ ಡೇನಿಯಲ್. ರಿಚರ್ಡ್ಸ್ ಹಿಂಬಾಲಿಸಿದವರು.

ಮುಂದೆ ಹೋಗುವುದು ಅಂದು ಏನಾಗಿತ್ತು ಎಂಬುದನ್ನು ಹತ್ತತೊಡಗಿದ ಮೇಲೆ ಅರಿತೆ. ಗೆಳೆಯ ಹತ್ತುತ್ತ ಹತ್ತುತ್ತ ಬಿರುಕುಗಳಿಗೆ ಲೋಹದ ತುಂಡುಗಳನ್ನು ಸಿಕ್ಕಿಸಿ ಅವಕ್ಕೆ ಹಗ್ಗ ಹಾಯಿಸುತ್ತಿದ್ದ. ಹಿಂದಿನಿಂದ ನಾನು ಬಿಡಿಸಿಕೊಂಡು ಬರಬೇಕು. ಬಂಡೆಗೆ ಮೊಳೆ ಹೊಡೆಯುವುದು ಅವರ ಸಂಪ್ರದಾಯಕ್ಕೆ ಒಗ್ಗದು. ಈ ತುಂಡುಗಳಿಗೂ ಒಂದು ಚರಿತ್ರೆಯಿದೆ: ಮೊದಮೊದಲು ಯಂತ್ರದ ನಟ್ಟುಗಳ ಒಳಗಿನ ತಿರುಪಿನ ಗೆರೆಗಳನ್ನು ಉಜ್ಜಿ ತೆಗೆದು, ಹುರಿ ಪೋಣಿಸಿ ಬಳಸುತ್ತಿದ್ದರು, ಇದಕ್ಕೆಂದೇ ಮಾಡಿದವು ಬಂದದ್ದು 1960ರ ದಶಕದ ಆರಂಭದಲ್ಲಿ. 1915ರಲ್ಲಿ ಅವೊಂದೂ ಇರಲಿಲ್ಲ. ನಾರಿನ ಹಗ್ಗವನ್ನು ಸೊಂಟಕ್ಕೆ ಸುತ್ತಿ, ತಳಕ್ಕೆ ಮೊಳೆ ಬಡಿದ ಬೂಟು ತೊಟ್ಟು ಹೊರಡಬೇಕು. ಆ ಹಗ್ಗ ಹಿಂದೆ ಬರುವವರನ್ನು ಕಾಯುತ್ತಿತ್ತು, ಮುಂದೆ ಹೋಗುವವರನ್ನಲ್ಲ. ಮುಂದಿನವರು ಬೀಳಬಾರದು, ಇದ್ದ ನಿಯಮ ಅದೊಂದೇ.

ಎರಡನೆಯ ಮಜಲಿನಲ್ಲಿ ಜೋಡಿ ಬಿರುಕುಗಳಿವೆ. ತಲೆಮಾರುಗಳ ಕಾಲ್ತುಳಿತಕ್ಕೆ ಅಲ್ಲಿಯ ಕಲ್ಲು ದೇವಸ್ಥಾನದ ಹೊಸ್ತಿಲಿನಂತೆ ನುಣುಪಾಗಿದೆ. ಅಲ್ಲಿ ನನ್ನ ಬಲಗಾಲು ನಡುಗತೊಡಗಿತು. ಮೇಲಿನಿಂದ ಬಂದ ಹಗ್ಗ ಎದೆಯ ಮುಂದೆ ಬಿಗಿಯಾಗಿಯೇ ಇತ್ತು; ಜಾರಿದರೆ ಒಂದಡಿ ಜೋಲಾಡಿಯೇನು, ಅಷ್ಟೆ. ಇದು ಬುದ್ಧಿಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಇದೇ ಬಿರುಕಿನಲ್ಲಿ, ಮೇಲಿನಿಂದ ಯಾವ ಹಗ್ಗವೂ ಇಲ್ಲದೆ, ಆಕೆ ನಿಂತಿದ್ದರು.

ಆಕೆಯ ಕಥೆಯನ್ನು ಗೆಳೆಯ ಹೇಳಿದ್ದು ತುದಿ ತಲುಪಿದ ಮೇಲೆ. ಬ್ರಿಸ್ಟಲಿನ ವಕೀಲರೊಬ್ಬರ ಹೆಂಡತಿ. ಗಂಡ 1917ರಲ್ಲಿ ಈಪ್ರ ಯುದ್ಧಭೂಮಿಯಲ್ಲಿ ಮಡಿದರು. ಆಕೆ ಕಾದಂಬರಿಗಳನ್ನು ಬರೆದದ್ದು ಇ. ಎಚ್. ಯಂಗ್ ಎಂಬ ಹೆಸರಿನಲ್ಲಿ. ಆಗ ನಾನು ನಿಜಕ್ಕೂ ನಾಚಿದೆ. ಯಂಗ್ ಅವರ ‘ಮಿಸ್ ಮೋಲ್’ (1930) ನಾನು ಓದಿ ಮೆಚ್ಚಿದ ಕೃತಿ. ಬರೆದವರು ಗಂಡಸೆಂದೇ ತಿಳಿದಿದ್ದೆ.

ಇಳಿಯುವಾಗ ಗೆಳೆಯ ಹಿಮನದಿ ಗೀಚಿದ ಕಲ್ಲುಗಳನ್ನು ತೋರಿಸಿದ. 1831ರಲ್ಲಿ ಡಾರ್ವಿನ್ ಈ ಕಣಿವೆಗೆ ಬಂದು, ಕಲ್ಲುಗಳಲ್ಲಿ ಪಳೆಯುಳಿಕೆಗಳನ್ನು ಅರಸುತ್ತ, ಎದುರಿಗಿದ್ದ ಈ ಗೀರುಗಳನ್ನು ಗಮನಿಸದೆ ಹೋದನಂತೆ. ಕಂಡದ್ದು 1842ರಲ್ಲಿ ಮರಳಿ ಬಂದಾಗ. ಗೆಳೆಯ ಇದನ್ನು ಹೇಳಿದ್ದು ನನ್ನ ಸಮಾಧಾನಕ್ಕೋ ಚುಚ್ಚುವುದಕ್ಕೋ ತಿಳಿಯಲಿಲ್ಲ. ಹಗ್ಗವನ್ನು ಹೆಗಲಿಗೇರಿಸಿ ಅವನು ಮುಂದೆ ನಡೆದ.