ಕಾಡಿನಂಚಿನ ವಿದ್ಯುನ್ಮಾರ್ಗಗಳಿಗೆ ಸ್ವಂತ ನಿಸ್ತಂತು ಜಾಲ: ಸನವಳ್ಳಿಯ ಕಡೆಯಿಂದ ಒಂದು ವಿಚಾರ

ವಿದ್ಯುಚ್ಛಕ್ತಿಯನ್ನು ದೂರಕ್ಕೆ ಸಾಗಿಸುವ ಸಂಸ್ಥೆಯು ಅದರೊಡನೆ ವಾರ್ತೆಯನ್ನೂ ಸಾಗಿಸಬಲ್ಲುದಾಗಿರಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದಾಗ, ಒಂದು ತುದಿಯಲ್ಲಿ ಉತ್ಪಾದನಾ ಕೇಂದ್ರ, ಮತ್ತೊಂದು ತುದಿಯಲ್ಲಿ ಗಣಿಗಳು ಎಂಬಷ್ಟು ಸರಳವಾಗಿದ್ದ ವ್ಯವಸ್ಥೆಯು, 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣ ಜಾಲವು ದೇಶದ ಉಳಿದ ಜಾಲದೊಡನೆ ಬೆಸೆದುಕೊಂಡ ಮೇಲೆ, ಎಲ್ಲಿಯೋ ಉತ್ತರದಲ್ಲಾದ ವ್ಯತ್ಯಯವು ಕಾಳೀ ಕಣಿವೆಯ ನಾಗಝರಿಯ ಯಂತ್ರಗಳ ಆವೃತ್ತಿಯಲ್ಲಿ ಕೂಡಲೇ ಗೋಚರಿಸುವಷ್ಟು ಸಂಕೀರ್ಣವಾಗಿದೆ. ಇಂಥ ಜಾಲದಲ್ಲಿ ಸಂವಹನವನ್ನು ಪರಿವರ್ತಕಗಳಂತೆಯೇ ವ್ಯವಸ್ಥೆಯ ಅಂಗವೆಂದು ಎಣಿಸತಕ್ಕದ್ದು.

ಪ್ರಸರಣದ ಮಟ್ಟಿಗೆ ಈ ವಿವೇಕ ಹಳೆಯದು. ಹಿರಿಯ ಮಾರ್ಗವೊಂದು ಉಪಕೇಂದ್ರವನ್ನು ಪ್ರವೇಶಿಸುವೆಡೆ ನಿಂತು ನೋಡಿದರೆ, ತಂತಿಗೆ ಪೀಪಾಯಿಯಾಕಾರದ ಸುರುಳಿಯೊಂದನ್ನು ಜೋಡಿಸಿರುವುದು ಕಾಣುತ್ತದೆ. ಸಿಬ್ಬಂದಿ ವೇವ್ ಟ್ರ್ಯಾಪ್ ಎನ್ನುವ ಈ ಸಾಧನವು 50 ಹರ್ಟ್ಸಿನ ವಿದ್ಯುತ್ತನ್ನು ಒಳಬಿಟ್ಟು, ಅದೇ ತಂತಿಯ ಮೇಲೆ ಮಾತನ್ನೂ ರಕ್ಷಣಾ ಸಂಕೇತಗಳನ್ನೂ ಹೊತ್ತು ಬಂದ ಉನ್ನತ ಆವೃತ್ತಿಯ ವಾಹಕ ತರಂಗವನ್ನು ಅಂಗಳದೊಳಗೆ ಸೇರಗೊಡದೆ ಸಂವಹನದ ಪೆಟ್ಟಿಗೆಯತ್ತ ತಿರುಗಿಸುತ್ತದೆ. ತರುವಾಯ ಗೋಪುರಗಳ ನೆತ್ತಿಯ ಭೂತಂತಿಯೊಳಗೆ ಆಪ್ಟಿಕಲ್ ಫೈಬರಿನ ಎಳೆಗಳು ಸೇರಿದುವು. ರಾಜ್ಯದ ಪ್ರಸರಣ ಸಂಸ್ಥೆಯಾದ ಕೆಪಿಟಿಸಿಎಲ್, ಉಪಕೇಂದ್ರಗಳನ್ನು ದೂರದಿಂದಲೇ ಗಮನಿಸಿ ನಿಯಂತ್ರಿಸುವ ತನ್ನ ಸ್ಕಾಡಾ ವ್ಯವಸ್ಥೆಗೆ ವಿಸ್ಯಾಟ್ ಉಪಗ್ರಹ ಸಂಪರ್ಕವನ್ನು ಬಳಸಿತು.

ಆದರೆ ಈ ಸ್ವಾವಲಂಬನೆಯು ಊರುಗಳಿಗೆ ವಿದ್ಯುತ್ ಹಂಚುವ 11 ಕಿಲೋವೋಲ್ಟಿನ ಫೀಡರಿನವರೆಗೆ ಇಳಿದುಬರಲಿಲ್ಲ. ಮುಂಡಗೋಡ ತಾಲ್ಲೂಕಿನ ಸನವಳ್ಳಿಯು ಮಲೆನಾಡು ಬಯಲಿಗೆ ಇಳಿಯುವ ಸೀಮೆಯಲ್ಲಿದೆ. ಈ ಸೀಮೆಯ ಮುಂಗಾರಿನಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದಾಗ, ವಿತರಣಾ ಸಂಸ್ಥೆಯಾದ ಹೆಸ್ಕಾಂನ ಲೈನ್‌ಮನ್ ಉಪಕೇಂದ್ರಕ್ಕೆ ತಿಳಿಸಿ, ಪೂರೈಕೆ ನಿಂತಿದೆಯೆಂಬ ಖಾತರಿಯಾದ ಲೈನ್ ಕ್ಲಿಯರ್ (ಎಲ್‌ಸಿ) ಪಡೆದು, ಮಾರ್ಗವನ್ನು ಬೇರ್ಪಡಿಸುವ ಜಿಓಎಸ್ ಸ್ವಿಚ್ಚನ್ನು ತೆರೆದು, ತಂತಿಗೆ ಅರ್ಥಿಂಗ್ ಮಾಡಿದ ಮೇಲಷ್ಟೇ ಕಂಬ ಹತ್ತತಕ್ಕದ್ದು. ‘ಎಲ್‌ಸಿ ಸಿಕ್ತಾ?’ ಎಂಬ ಪ್ರಶ್ನೆಯ ಉತ್ತರದಲ್ಲಿ ಒಂದು ಜೀವದ ಅಳಿವು ಉಳಿವು ಅಡಗಿರುತ್ತದೆ. ಆ ಮಾತು ಸಾಗುವುದಾದರೋ ಸಾರ್ವಜನಿಕ ಮೊಬೈಲ್ ಜಾಲದ ಮೂಲಕ. ಅದರ ಟವರಿಗೆ ಆಧಾರ ಇದೇ ಕರೆಂಟು. ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿದರೆ ಸಿಗ್ನಲ್ ಹೋಗುತ್ತದೆ; ಸಿಗ್ನಲ್ ಹೋದರೆ ಕರೆಂಟನ್ನು ಮರಳಿ ತರುವ ಕೆಲಸ ಕುಂಠಿತವಾಗುತ್ತದೆ. ತಾರ್ಕಿಕರು ಅನ್ಯೋನ್ಯಾಶ್ರಯವೆನ್ನುವ ಈ ದೋಷವೇ, ನನ್ನ ಅಭಿಪ್ರಾಯದಲ್ಲಿ, ಸ್ವಂತ ನಿಸ್ತಂತು ಜಾಲದ ಪರವಾದ ಬಲಿಷ್ಠ ಹೇತು.

ನಮ್ಮಲ್ಲಿ ವಿತರಣಾ ಜಾಲದ ಸಂವಹನವನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಸ್ಮಾರ್ಟ್ ಮೀಟರುಗಳ ಸುತ್ತಲೇ ನಡೆದಿರುವುದು ವಿಷಾದಕರ. ಮೀಟರಿನ ಅಂಕಿ ಒಂದು ಗಂಟೆ ತಡವಾಗಿ ಬಂದರೆ ಬಿಲ್ಲಿಗೆ ಬಾಧೆಯಿಲ್ಲ. ಹರಿದುಬಿದ್ದ ತಂತಿಯ ಪೂರೈಕೆಯನ್ನು ಕಡಿಯಬೇಕಾದ ಆಜ್ಞೆಗೆ ಅಷ್ಟು ಅವಕಾಶವಿಲ್ಲ.

ಅನ್ಯದೇಶಗಳು ಈ ಅಗತ್ಯವನ್ನು ಮನಗಂಡಿವೆ. ಅಮೆರಿಕವು 2020ರಲ್ಲಿ 900 ಮೆಗಾಹರ್ಟ್ಸ್ ಪಟ್ಟಿಯ ಒಂದು ಭಾಗವನ್ನು ಬ್ರಾಡ್‌ಬ್ಯಾಂಡಿಗೆ ತೆರೆಯಲಾಗಿ ಅಲ್ಲಿನ ವಿದ್ಯುತ್ ಕಂಪನಿಗಳು ಅದನ್ನು ಪಡೆಯತೊಡಗಿದುವು. ಜರ್ಮನಿಯು 2021ರಲ್ಲಿ 450 ಮೆಗಾಹರ್ಟ್ಸನ್ನು ಮುಖ್ಯವಾಗಿ ಇಂಥ ಮೂಲಸೌಕರ್ಯಗಳಿಗೆಂದೇ ವಿನಿಯೋಗಿಸಿತು. ಈ ಎರಡನೆಯದು ನಮ್ಮ ಕಾಡಿಗೆ ವಿಶೇಷವಾಗಿ ಒಪ್ಪತಕ್ಕದ್ದು: 1800 ಮೆಗಾಹರ್ಟ್ಸಿನ ತರಂಗಕ್ಕಿಂತ ನಾಲ್ಮಡಿ ಉದ್ದವಾದ ಈ ತರಂಗವು ಎಲೆಗೂ ದಿಣ್ಣೆಗೂ ಅಷ್ಟಾಗಿ ಸೋಲದೆ ದೂರ ಸಾಗುವುದರಿಂದ, ಕಡಿಮೆ ಟವರುಗಳಿಂದ ಹೆಚ್ಚು ಸೀಮೆಯನ್ನು ಆವರಿಸಬಹುದು. ಭಾರತದ ದೂರಸಂಪರ್ಕ ಇಲಾಖೆಯೂ 2022ರ ಜೂನಿನಲ್ಲಿ ಸಂಸ್ಥೆಗಳ ಸ್ವಂತ ಜಾಲಗಳಿಗೆ ಮಾರ್ಗಸೂಚಿಗಳನ್ನು ಪ್ರಕಟಿಸಿ, ಮೊಬೈಲ್ ಕಂಪನಿಗಳಿಂದ ತರಂಗಾಂತರವನ್ನು ಗುತ್ತಿಗೆಗೆ ಪಡೆಯುವ ದಾರಿಯನ್ನು ತೋರಿತು.

ವೆಚ್ಚದ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು, ಏಕೆಂದರೆ ಅದು ಕಟ್ಟಕಡೆಗೆ ದರದ ರೂಪದಲ್ಲಿ ಗ್ರಾಹಕನ ತಲೆಗೇ ಬರುತ್ತದೆ. ಆದಕಾರಣ ಮೊಬೈಲ್ ಜಾಲ ದಟ್ಟವಾಗಿರುವ ನಗರಗಳನ್ನು ಬಿಟ್ಟು, ಮುಂಡಗೋಡ, ಹಳಿಯಾಳ, ಜೋಯಿಡಾಗಳಂಥ ಅರಣ್ಯದ ತಾಲ್ಲೂಕುಗಳಲ್ಲಿ ಮೊದಲು ತೊಡಗುವುದು ಯುಕ್ತ. ಉಪಕೇಂದ್ರಗಳ ಅಂಗಳದಲ್ಲಿಯೇ ನಿಸ್ತಂತು ಸಾಧನವನ್ನು ನಿಲ್ಲಿಸಿದರೆ ಜಾಗವೂ ಕಾವಲೂ ಒದಗುತ್ತವೆ, ಬ್ಯಾಟರಿಯ ಕೋಣೆಯೂ ಹತ್ತಿರವಿರುತ್ತದೆ. ಆದರೆ ಆ ಬ್ಯಾಟರಿಯ ಸಾಮರ್ಥ್ಯವನ್ನು ಗೊತ್ತುಮಾಡಿರುವುದು ಬ್ರೇಕರ್, ರಿಲೇಗಳ ಲೆಕ್ಕದಿಂದಾದ್ದರಿಂದ, ಹೊಸ ಸಾಧನದ ಭಾರವನ್ನು ಅದಕ್ಕೆ ಪ್ರತ್ಯೇಕವಾಗಿ ಕೂಡಿಸಿಯೇ ಯೋಜನೆಯನ್ನು ರಚಿಸತಕ್ಕದ್ದು.